ಓದುತ್ತಾ ಕಳೆದ ಎರಡು ಗಂಟೆ

ಡಿಗ್ರಿ ಕೊನೆಯ ವರ್ಷದ ಮಕ್ಕಳಿಗೆ ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ ಅಣಕು ಸಂದರ್ಶನ ಮಾಡುತ್ತೇವೆ. ಕಂಪನಿಯವರು ಕೇಳುವಂಥ ಪ್ರಶ್ನೆಗಳನ್ನು ನಾವೇ ಕೇಳಿ, ಉತ್ತರ ತಿದ್ದಿ, ಧೈರ್ಯ ಹೇಳಿ ಕಳಿಸುವ ಕೆಲಸ. ‘ಹೌ ಡು ಯು ಸ್ಪೆಂಡ್ ಯುವರ್ ಫ್ರೀ ಟೈಮ್’ ಎನ್ನುವುದು ಅಲ್ಲಿ ತಪ್ಪದೆ ಬರುವ ಪ್ರಶ್ನೆ. ಈ ಸಲ ಒಬ್ಬ ಹುಡುಗಿ ಒಂದು ಕ್ಷಣವೂ ತಡವರಿಸದೆ, ‘ಐ ಸ್ಪೆಂಡ್ ಮೈ ಟೈಮ್ ಟು ರೀಡ್ ನಾವೆಲ್ಸ್’ ಎಂದಳು. ಅವಳ ಹಿಂದೆ ಬಂದ ಹುಡುಗ, ತನ್ನ ಪಾಕೆಟ್ ಮನಿ ಎಲ್ಲಿ ಹೋಗುತ್ತದೆಂದು ಹೇಳುತ್ತಾ, ‘ಐ ಸ್ಪೆಂಡ್ ಇಟ್ ಫಾರ್ ಬುಕ್ಸ್’ ಎಂದ. ಇಬ್ಬರೂ ಓದುವ ಮಕ್ಕಳು. ಹೇಳಿದ್ದು ಅರ್ಥವಾಗದೆ ಇರುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಪಳಗಿದ ಕಿವಿಗೆ ಎರಡು ವಾಕ್ಯಗಳಲ್ಲೂ ಸಣ್ಣದೊಂದು ಕಲ್ಲು ಸಿಗುತ್ತದೆ.

ನಾನು ಆ ಹುಡುಗಿಗೆ, ‘ಇದನ್ನೇ ಕನ್ನಡದಲ್ಲಿ ಹೇಳಮ್ಮ’ ಎಂದೆ.

‘ಬಿಡುವಿದ್ದಾಗ ಕಾದಂಬರಿ ಓದ್ತಾ ಕಾಲ ಕಳೀತೀನಿ ಸರ್.’

‘ಓದ್ತಾ ಅಂದ್ಯಲ್ಲ, ಅದಕ್ಕೆ ಇಂಗ್ಲಿಷಲ್ಲಿ ಏನು?’

‘ರೀಡಿಂಗ್ ಸರ್.’

ಅಷ್ಟೇ ಬೇಕಾಗಿದ್ದದ್ದು. ‘ಐ ಸ್ಪೆಂಡ್ ಮೈ ಫ್ರೀ ಟೈಮ್ ರೀಡಿಂಗ್ ನಾವೆಲ್ಸ್.’ ಸರಿಯಾದ ವಾಕ್ಯ ಅವಳ ಬಾಯಲ್ಲೇ ಇತ್ತು, ಕನ್ನಡದ ರೂಪದಲ್ಲಿ. ಅದನ್ನು ಕರೆದು ತರುವ ದಾರಿಯನ್ನು ಹದಿನೈದು ವರ್ಷದ ಶಾಲಾ ಕಾಲೇಜು ಓದಿನಲ್ಲಿ ಯಾರೂ ತೋರಿಸಿರಲಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಾಯಿ ಬಿಡಬಾರದೆಂಬ ಕಟ್ಟುನಿಟ್ಟಿನಿಂದ ಆಗಿರುವ ನಷ್ಟ ಇದು. ಸ್ಪೆಂಡ್ ಎಂಬ ಒಂದು ಪದವನ್ನು ಹಿಡಿದುಕೊಂಡು ಆ ನಷ್ಟ ಎಷ್ಟೆಂದು ತೋರಿಸಬಹುದು.

ಆ ಹುಡುಗಿ ‘ಟು ರೀಡ್’ ಎಂದದ್ದಾದರೂ ಏಕೆ? ‘ಓದಲು’, ‘ಓದೋಕೆ’, ‘ಓದಲಿಕ್ಕೆ’ ಎಂದರೆ ಟು ರೀಡ್ ಎಂದು ನಾವು ಐದನೇ ತರಗತಿಯಿಂದ ಬಾಯಿಪಾಠ ಮಾಡಿಸಿದ್ದೇವೆ. ಅದು ತಪ್ಪಲ್ಲ, ಆದರೆ ಅದರ ಜಾಗ ಬೇರೆ. ಕನ್ನಡದಲ್ಲಿ ಕೇಳಿ ನೋಡಿ: ‘ಆ ಪಾಠ ಓದೋಕೆ ಎರಡು ಗಂಟೆ ಹಿಡೀತು.’ ‘ಎರಡು ಗಂಟೆ ಆ ಪಾಠ ಓದ್ತಾ ಕಳೆದೆ.’ ‘ಹಿಡಿಯಿತು’ ಬಂದಾಗ ಓದೋಕೆ, ‘ಕಳೆದೆ’ ಬಂದಾಗ ಓದ್ತಾ. ‘ಎರಡು ಗಂಟೆ ಓದೋಕೆ ಕಳೆದೆ’ ಎಂದು ನಮ್ಮ ಹಳ್ಳಿಯ ಮಗುವೂ ಹೇಳುವುದಿಲ್ಲ. ಇಂಗ್ಲಿಷಿನಲ್ಲೂ ಅದೇ ಜೋಡಿ. ‘ಹಿಡಿಯಿತು’ ಎನ್ನುವ ಕಡೆ ಟುಕ್, ಅದರೊಂದಿಗೆ ಟು: ‘ಇಟ್ ಟುಕ್ ಮಿ ಟೂ ಅವರ್ಸ್ ಟು ರೀಡ್ ದಿ ಲೆಸನ್.’ ‘ಕಳೆದೆ’ ಎನ್ನುವ ಕಡೆ ಸ್ಪೆಂಟ್, ಅದರೊಂದಿಗೆ ಇಂಗ್: ‘ಐ ಸ್ಪೆಂಟ್ ಟೂ ಅವರ್ಸ್ ರೀಡಿಂಗ್ ದಿ ಲೆಸನ್.’ ಭೂಮಿಯ ಎರಡು ಮೂಲೆಯ ಎರಡು ಭಾಷೆಗಳು ಇಲ್ಲಿ ಒಂದೇ ಹೆಜ್ಜೆ ಇಡುತ್ತವೆ. ಈ ಹೊಂದಿಕೆ ನನ್ನ ಕಣ್ಣಿಗೆ ಬಿದ್ದದ್ದು ಪಾಠ ಹೇಳಲು ಶುರುಮಾಡಿ ಎಷ್ಟೋ ವರ್ಷಗಳಾದ ಮೇಲೆ. ಆವತ್ತಿನಿಂದ ನಿಯಮ ಬರೆಸುವುದು ಬಿಟ್ಟೆ, ಈ ಎರಡು ಕನ್ನಡ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ.

‘ಓದುವುದರಲ್ಲಿ ಎರಡು ಗಂಟೆ ಕಳೆದೆ’ ಎಂದೂ ನಾವು ಹೇಳುತ್ತೇವಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ಜೊತೆಗಾರ ಇದ್ದಾನೆ. ‘ಸ್ಪೆಂಟ್ ಟೂ ಅವರ್ಸ್ ಇನ್ ರೀಡಿಂಗ್’ ಎಂಬುದು ಹಳೆಯ ಪುಸ್ತಕಗಳ ಇಂಗ್ಲಿಷ್. ಈಗ ಮಾತಿನಲ್ಲಿ ಆ ‘ಇನ್’ ಉದುರಿಹೋಗಿದೆ. ಬಳಸಿದರೆ ತಪ್ಪೇನಿಲ್ಲ, ಸ್ವಲ್ಪ ಹಳೆಯದಾಗಿ ಕೇಳುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ ಆ ಹುಡುಗನ ‘ಫಾರ್’. ‘ಪುಸ್ತಕಕ್ಕೆ ಖರ್ಚು ಮಾಡಿದೆ’ ಎಂಬ ನಮ್ಮ ಚತುರ್ಥಿ ವಿಭಕ್ತಿಯನ್ನು ಅವನು ನೇರವಾಗಿ ಎತ್ತಿಕೊಂಡು ಹೋಗಿ ಅಲ್ಲಿ ಇಟ್ಟಿದ್ದಾನೆ. ಅಮೆರಿಕದವರ ಮಾತಿನಲ್ಲಿ ಅಲ್ಲಲ್ಲಿ ‘ಫಾರ್’ ಕೇಳಿಸುವುದುಂಟು, ಆದರೆ ಎಲ್ಲ ಕಡೆ ಸಲ್ಲುವುದು ‘ಆನ್’: ‘ಐ ಸ್ಪೆಂಟ್ 500 ರುಪೀಸ್ ಆನ್ ಬುಕ್ಸ್.’ ಆನ್ ಎಂದರೆ ಮೇಲೆ. ಪುಸ್ತಕದ ‘ಮೇಲೆ’ ಖರ್ಚೇ ಎಂದು ಮಕ್ಕಳು ಹುಬ್ಬೇರಿಸುತ್ತಾರೆ. ಆಗ ನಾನು ಕೇಳುತ್ತೇನೆ: ‘ಆ ಹಳೇ ಮನೆ ಮೇಲೆ ಎಷ್ಟು ದುಡ್ಡು ಸುರಿದ್ರು ಅಂತೀನಿ’ ಎಂದು ನಿಮ್ಮಜ್ಜಿ ಹೇಳುವುದಿಲ್ಲವೇ? ‘ಆ ಹುಡುಗನ ಮೇಲೆ ಇಷ್ಟು ಖರ್ಚು ಮಾಡಿ ಓದಿಸಿದ್ವಿ’ ಎನ್ನುವುದಿಲ್ಲವೇ? ಮೇಲೆ ಎಂಬುದೂ ನಮ್ಮಲ್ಲಿ ಇದ್ದೇ ಇದೆ. ದುಡ್ಡಿಗಷ್ಟೇ ಅಲ್ಲ, ಹೊತ್ತಿಗೂ ಶ್ರಮಕ್ಕೂ ಇದೇ ‘ಆನ್’ ಸಾಕು, ಮುಂದೆ ಬರುವುದು ಕ್ರಿಯೆಯಾಗಿರದೆ ಹೆಸರಾಗಿದ್ದರೆ ಆಯಿತು. ಗಣಿತದ ಮೇಲೆ ಒಂದು ಗಂಟೆ, ‘ಆನ್ ಮ್ಯಾಥ್ಸ್’. ಜನರ ಜೊತೆ ಕಳೆದ ಹೊತ್ತಿಗೆ ‘ವಿತ್’.

ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ. ‘ಮದುವೆಗೆ ಹತ್ತು ಲಕ್ಷ ಖರ್ಚಾಯ್ತು.’ ಈ ವಾಕ್ಯದಲ್ಲಿ ಖರ್ಚು ಮಾಡಿದವರು ಯಾರು? ಯಾರೂ ಇಲ್ಲ. ಖರ್ಚು ತಾನಾಗಿಯೇ ಆಯಿತು. ‘ಖರ್ಚು ಮಾಡು’, ‘ಖರ್ಚಾಗು’ ಎಂದು ನಮ್ಮಲ್ಲಿ ಎರಡು ಬಗೆ. ಹಬ್ಬ, ಮದುವೆ, ಆಸ್ಪತ್ರೆ, ಕೊಳವೆಬಾವಿ ಎಲ್ಲಕ್ಕೂ ನಾವು ಎರಡನೆಯದನ್ನೇ ಹೆಚ್ಚು ಬಳಸುತ್ತೇವೆ. ಸ್ಪೆಂಡ್ ಹಾಗೆ ಬಿಡುವ ಪದವಲ್ಲ, ಅದಕ್ಕೆ ಕರ್ತೃ ಬೇಕು. ಆದ್ದರಿಂದಲೇ ನಮ್ಮ ಮಕ್ಕಳು ‘ಟೆನ್ ಲ್ಯಾಕ್ಸ್ ಸ್ಪೆಂಟ್ ಫಾರ್ ಮ್ಯಾರೇಜ್’ ಎಂದೋ, ‘ಮ್ಯಾರೇಜ್ ಸ್ಪೆಂಟ್ ಟೆನ್ ಲ್ಯಾಕ್ಸ್’ ಎಂದೋ ಸಿಕ್ಕಿಕೊಳ್ಳುತ್ತಾರೆ. ಬಿಡಿಸಿಕೊಳ್ಳುವುದು ಸುಲಭ. ಮಾಡಿದವರನ್ನು ಮುಂದೆ ತಂದು ನಿಲ್ಲಿಸಿದರೆ ಸ್ಪೆಂಡ್: ‘ವಿ ಸ್ಪೆಂಟ್ ಟೆನ್ ಲ್ಯಾಕ್ಸ್ ಆನ್ ದಿ ವೆಡ್ಡಿಂಗ್.’ ಖರ್ಚಾಯ್ತು ಎಂದೇ ಹೇಳಬೇಕಿದ್ದರೆ ಕಾಸ್ಟ್: ‘ದಿ ವೆಡ್ಡಿಂಗ್ ಕಾಸ್ಟ್ ಟೆನ್ ಲ್ಯಾಕ್ಸ್.’ ಖರ್ಚು ಮಾಡು ಎಂದರೆ ಸ್ಪೆಂಡ್, ಖರ್ಚಾಗು ಎಂದರೆ ಕಾಸ್ಟ್. ಈ ಜೋಡಿ ನೆನಪಿದ್ದರೆ ಅರ್ಧ ತಪ್ಪುಗಳು ಅಲ್ಲಿಗೇ ನಿಲ್ಲುತ್ತವೆ.

ಖರ್ಚು ಎನ್ನುವುದೂ ಮೂಲದಲ್ಲಿ ನಮ್ಮದಲ್ಲ. ಹೊರಗೆ ಹೋಗುವುದು ಎಂಬ ಅರ್ಥದ ಅರಬಿ ಧಾತುವಿನಿಂದ ಹುಟ್ಟಿ, ಪಾರಸಿ ಆಡಳಿತ ಭಾಷೆಯಾಗಿದ್ದ ಕಾಲದ ಲೆಕ್ಕಪತ್ರಗಳ ದಾರಿಯಲ್ಲಿ ನಮಗೆ ಬಂದದ್ದು. ಜಮಾ ಎಂದರೆ ಒಟ್ಟುಗೂಡಿದ್ದು, ಖರ್ಚು ಎಂದರೆ ಹೊರಬಿದ್ದದ್ದು, ಬಾಕಿ ಎಂದರೆ ಉಳಿದದ್ದು. ನಮ್ಮ ಅಂಗಡಿಗಳ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕದಲ್ಲಿ ಈ ಮೂರೂ ಪದಗಳು ಎಷ್ಟು ಒಗ್ಗಿಹೋಗಿವೆ ಎಂದರೆ ಇವು ಹೊರಗಿನವೆಂದು ನಂಬುವುದೇ ಕಷ್ಟ.

ಸ್ಪೆಂಡ್ ಕೂಡ ಇಂಗ್ಲಿಷಿಗೆ ಹೊರಗಿನಿಂದಲೇ ಬಂದದ್ದು. ಲ್ಯಾಟಿನ್ನಿನ ‘ಎಕ್ಸ್‌ಪೆಂಡೆರೆ’ ಅದರ ಮೂಲ. ಎಕ್ಸ್ ಎಂದರೆ ಹೊರಗೆ, ಪೆಂಡೆರೆ ಎಂದರೆ ತೂಗು. ತೂಗಿ ಹೊರಗೆ ಕೊಡುವುದು. ನಾಣ್ಯ ಎಣಿಸಿ ಕೊಡುವ ಪದ್ಧತಿ ಬರುವ ಮುಂಚೆ ರೋಮಿನಲ್ಲಿ ಕಂಚಿನ ಗಟ್ಟಿಗಳನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದರು. ಕೊಡುವುದೆಂದರೆ ತೂಗುವುದೇ ಆಗಿತ್ತು. ಬ್ರಿಟನ್ನಿನ ಹಣವಾದ ಪೌಂಡ್ ಇಂದಿಗೂ ತೂಕದ ಹೆಸರೇ. ನಮ್ಮ ಶಾಸನಗಳಲ್ಲಿ ಬರುವ ಗದ್ಯಾಣವೂ ಹಾಗೆಯೇ, ಅದು ಚಿನ್ನದ ತೂಕವೂ ಹೌದು, ನಾಣ್ಯವೂ ಹೌದು. ಅಳೆದೂ ತೂಗಿ ದುಡ್ಡು ಬಿಚ್ಚುತ್ತಾನೆ ಎಂದು ಕೈಬಿಗಿಯವನ ಬಗ್ಗೆ ನಾವು ಹೇಳುವಾಗ, ಗೊತ್ತಿಲ್ಲದೆಯೇ ಸ್ಪೆಂಡ್ ಪದದ ಬೇರನ್ನು ಮುಟ್ಟಿರುತ್ತೇವೆ.

ಈ ಪೆಂಡೆರೆಯ ಬಳಗ ದೊಡ್ಡದು, ಅದರಲ್ಲಿ ಎಷ್ಟೋ ಪದಗಳು ನಮ್ಮ ಮನೆಯೊಳಗೇ ಓಡಾಡುತ್ತಿವೆ. ತಕ್ಕಡಿಯನ್ನು ತೂಗಹಾಕಬೇಕಲ್ಲ, ಆ ತೂಗುವಿಕೆಯಿಂದ ಗಡಿಯಾರದ ಪೆಂಡ್ಯುಲಂ, ಕೊರಳಿನ ಪೆಂಡೆಂಟ್, ಕಚೇರಿಯಲ್ಲಿ ಅತಂತ್ರವಾಗಿ ತೂಗುವ ಪೆಂಡಿಂಗ್ ಫೈಲು, ನೌಕರನನ್ನು ತೂಗುಹಾಕಿ ಇಡುವ ಸಸ್ಪೆಂಡ್. ತೂಗಿ ಕೊಡುವ ಅರ್ಥದಿಂದ ವಿದ್ಯಾರ್ಥಿಯ ಸ್ಟೈಪೆಂಡ್, ನಿವೃತ್ತರ ಪೆನ್ಷನ್. ಆ ಪೆನ್ಷನ್ನೇ ನಮ್ಮ ಬಾಯಲ್ಲಿ ಪಿಂಚಣಿಯಾಯಿತು. ತಿಂಗಳಿಗೊಮ್ಮೆ ಪಿಂಚಣಿಗಾಗಿ ಕಾಯುವ ಅಜ್ಜಿಗೂ ಮೊಮ್ಮಗಳ ಸ್ಟೈಪೆಂಡಿಗೂ ಪದದ ಲೆಕ್ಕದಲ್ಲಿ ರಕ್ತಸಂಬಂಧ.

ಪಠ್ಯದಲ್ಲಿ ಸ್ಪೆಂಡ್ ಜೊತೆಗೆ ಎಕ್ಸ್‌ಪೆಂಡ್ ಎಂಬ ಇನ್ನೊಂದು ಪದ ಬಂದಾಗ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಇಲ್ಲಿಯೂ ಕನ್ನಡ ವ್ಯಾಕರಣವೇ ಕೈಹಿಡಿಯುತ್ತದೆ. ಆಕಾಶ ನಮ್ಮ ಬಾಯಲ್ಲಿ ಸವೆದು ಆಗಸವಾಯಿತು, ವರ್ಣ ಬಣ್ಣವಾಯಿತು, ಸಂಸ್ಕೃತದ ವ್ಯಯ ಹಳಗನ್ನಡದಲ್ಲಿ ಬೀಯವಾಯಿತು. ಹಾಗೆಯೇ ಎಕ್ಸ್‌ಪೆಂಡೆರೆ ಸಾವಿರ ವರ್ಷದ ಹಿಂದಿನ ಇಂಗ್ಲಿಷರ ಬಾಯಲ್ಲಿ ತಲೆ ಸವೆದು ಸ್ಪೆಂಡ್ ಆಯಿತು. ಮುಂದೆ ವಿದ್ವಾಂಸರು ಅದೇ ಲ್ಯಾಟಿನ್ ಪದವನ್ನು ಪುಸ್ತಕದಿಂದ ಮತ್ತೊಮ್ಮೆ ತಂದರು, ಅದು ಎಕ್ಸ್‌ಪೆಂಡ್. ಒಂದು ತದ್ಭವ, ಇನ್ನೊಂದು ತತ್ಸಮ. ಬಳಕೆಯ ಗತ್ತೂ ಅದಕ್ಕೆ ತಕ್ಕಂತೆ. ಸಂತೆಯಲ್ಲಿ, ಮನೆಯಲ್ಲಿ ಸ್ಪೆಂಡ್. ಶಕ್ತಿ, ಶ್ರಮ, ಮದ್ದುಗುಂಡುಗಳ ಬಗ್ಗೆ ಗಂಭೀರವಾಗಿ ಬರೆಯುವಾಗ ಎಕ್ಸ್‌ಪೆಂಡ್. ಸರ್ಕಾರದ ಬಜೆಟ್ಟಿನಲ್ಲಿ ಎಕ್ಸ್‌ಪೆಂಡಿಚರ್, ಅದಕ್ಕೆ ನಮ್ಮ ಬಜೆಟ್ ಪುಸ್ತಕದಲ್ಲಿ ವೆಚ್ಚ: ರಾಜಸ್ವ ವೆಚ್ಚ, ಬಂಡವಾಳ ವೆಚ್ಚ. ಮನೆಯಲ್ಲಿ ನಾವು ಖರ್ಚು ಎನ್ನುತ್ತೇವೆ, ಸರ್ಕಾರ ವೆಚ್ಚ ಎನ್ನುತ್ತದೆ. ಎರಡು ಭಾಷೆಯಲ್ಲೂ ಒಂದೇ ಶಿಷ್ಟಾಚಾರ.

ಭೂತಕಾಲ ಸ್ಪೆಂಟ್. ಸೆಂಡ್, ಲೆಂಡ್, ಬೆಂಡ್ ಇವುಗಳ ಸಾಲಿನಲ್ಲೇ ಇದೂ ಕೊನೆಗೆ ‘ಟ್’ ತೆಗೆದುಕೊಳ್ಳುತ್ತದೆ. ಇಲ್ಲಿ ಒಂದು ಅಪಾಯವಿದೆ. ‘ಐ ಆಮ್ ಸ್ಪೆಂಟ್ 500 ರುಪೀಸ್’ ಎಂದು ನಡುವೆ ಒಂದು ‘ಆಮ್’ ಸೇರಿಸುವ ರೂಢಿ ನಮ್ಮಲ್ಲಿ ಬಹಳ. ‘ಐ ಆಮ್ ಸ್ಪೆಂಟ್’ ಎಂದರೆ ಬೇರೆಯೇ ಅರ್ಥ: ಹಿಂಡಿ ಹಿಪ್ಪೆಯಾಗಿದ್ದೇನೆ, ನನ್ನಲ್ಲಿ ಇನ್ನೇನೂ ಉಳಿದಿಲ್ಲ. ದುಡ್ಡು ಕೊಟ್ಟವನು ಕ್ಷಣದಲ್ಲಿ ದುಡ್ಡೇ ಆಗಿ ಖರ್ಚಾಗಿಬಿಡುತ್ತಾನೆ.

ಈ ‘ಸ್ಪೆಂಟ್’ ವಿಶೇಷಣವಾಗಿ ನಿಂತಾಗ ಅದರ ಅರ್ಥ ಚೆನ್ನಾಗಿ ಗೊತ್ತಿರುವುದು ನಮ್ಮಲ್ಲಿ ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳ ಆಸುಪಾಸಿನ ಊರಿನವರಿಗೆ. ಕಾಕಂಬಿಯಿಂದ ಮದ್ಯಸಾರ ತೆಗೆದಾದ ಮೇಲೆ ಉಳಿಯುವ ಕಡುಕಂದು ದ್ರವಕ್ಕೆ ಸ್ಪೆಂಟ್ ವಾಶ್ ಎನ್ನುತ್ತಾರೆ. ಒಂದು ಲೀಟರ್ ಮದ್ಯಸಾರಕ್ಕೆ 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಉಳಿಯುತ್ತದೆ. ಹೊಳೆಗೆ ಬಿಟ್ಟರೆ ಮೀನು ಸಾಯುತ್ತವೆ. ಸಂಸ್ಕರಿಸಿದರೆ ಅದರಿಂದಲೇ ಅನಿಲ ಸಿಗುತ್ತದೆ, ಪೊಟ್ಯಾಷ್ ಸಿಗುತ್ತದೆ. ಉತ್ತರ ಕನ್ನಡದ ಕೈಗಾದಂಥ ಅಣುವಿದ್ಯುತ್ ಸ್ಥಾವರದಲ್ಲಿ ಬಳಸಿ ಹೊರತೆಗೆದ ಯುರೇನಿಯಂ ಕಟ್ಟುಗಳಿಗೆ ಸ್ಪೆಂಟ್ ಫ್ಯೂಯೆಲ್ ಎಂದು ಹೆಸರು. ಆ ಕಟ್ಟುಗಳನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿಡಬೇಕು, ಏಕೆಂದರೆ ಅವುಗಳ ಕಾವು, ವಿಕಿರಣ ಇನ್ನೂ ಇಳಿದಿರುವುದಿಲ್ಲ. ಅವುಗಳಿಂದ ಪ್ಲುಟೋನಿಯಂ ಬೇರ್ಪಡಿಸಿ ಮತ್ತೆ ಇಂಧನ ಮಾಡುವ ಘಟಕಗಳು ತಾರಾಪುರ, ಕಲ್ಪಾಕ್ಕಂಗಳಲ್ಲಿವೆ. ಆದ್ದರಿಂದ ಸ್ಪೆಂಟ್ ಎಂದರೆ ಖಾಲಿ ಎಂದು ಬರೆದುಕೊಳ್ಳಬೇಡಿ. ಯಾವ ಕೆಲಸಕ್ಕೆ ಇಟ್ಟಿದ್ದೆವೋ ಆ ಕೆಲಸದ ಸತ್ವ ಮುಗಿದದ್ದು ಎಂದು ಬರೆದುಕೊಳ್ಳಿ. ಕಾಫಿ ಸೋಸಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಚರಟ ಅದಕ್ಕೆ ಒಳ್ಳೆಯ ಉದಾಹರಣೆ.

ಮಕ್ಕಳು ಮಾತ್ರವಲ್ಲ, ದೊಡ್ಡವರೂ ಎಡವುವ ಪದ ಸ್ಪೆಂಡ್‌ಥ್ರಿಫ್ಟ್. ಥ್ರಿಫ್ಟ್ ಎಂದರೆ ಮಿತವ್ಯಯ, ಹಾಗಾಗಿ ಇದು ಹಿತಮಿತವಾಗಿ ಖರ್ಚು ಮಾಡುವವನಿರಬೇಕು ಎಂದುಕೊಂಡು ಒಳ್ಳೆಯವರನ್ನು ಹೊಗಳಲು ಬಳಸಿದ್ದನ್ನು ಕೇಳಿದ್ದೇನೆ. ಅರ್ಥ ಪೂರಾ ತಿರುಗುಮುರುಗು: ಸ್ಪೆಂಡ್‌ಥ್ರಿಫ್ಟ್ ಎಂದರೆ ದುಂದುಗಾರ. ಥ್ರಿಫ್ಟ್ ಎಂಬುದಕ್ಕೆ ಹಿಂದೆ ಏಳಿಗೆ, ಕೂಡಿಟ್ಟ ಸಂಪತ್ತು ಎಂಬ ಅರ್ಥವಿತ್ತು. ಆ ಸಂಪತ್ತನ್ನು ಸ್ಪೆಂಡ್ ಮಾಡಿ ಮುಗಿಸುವವನು ಸ್ಪೆಂಡ್‌ಥ್ರಿಫ್ಟ್. ಪದದ ಕಟ್ಟಡ ನಮಗೆಲ್ಲ ಗೊತ್ತಿರುವ ಪಿಕ್‌ಪಾಕೆಟ್ಟಿನದೇ. ಪಾಕೆಟ್ ಹೊಡೆಯುವವನು ಪಿಕ್‌ಪಾಕೆಟ್, ಗಂಟು ಕರಗಿಸುವವನು ಸ್ಪೆಂಡ್‌ಥ್ರಿಫ್ಟ್.

ಈಗ ಹೊತ್ತಿನ ಮಾತು. ಈ ಬರಹಕ್ಕೆ ನಿಜವಾಗಿ ನನ್ನನ್ನು ಕೂರಿಸಿದ್ದು ಅದೇ. ಕನ್ನಡದ ಮಾತಿನೊಳಗೆ ಸ್ಪೆಂಡ್ ಯಾವ ಬಾಗಿಲಿನಿಂದ ಬಂದಿದೆ ಎಂದು ಗಮನಿಸಿ. ‘ಸಂತೇಲಿ 300 ರೂಪಾಯಿ ಸ್ಪೆಂಡ್ ಮಾಡಿದೆ’ ಎನ್ನುವವರು ಕಡಿಮೆ, ಅಲ್ಲಿ ಖರ್ಚು ಗಟ್ಟಿಯಾಗಿ ಕೂತಿದೆ. ‘ಮಕ್ಕಳ ಜೊತೆ ಟೈಮ್ ಸ್ಪೆಂಡ್ ಮಾಡೋಕೆ ಆಗ್ತಿಲ್ಲ’ ಎನ್ನುವವರು ಮನೆಮನೆಗೆ ಇದ್ದಾರೆ. ದುಡ್ಡಿಗೆ ಬೇಡವಾದ ಪದ ಹೊತ್ತಿಗೆ ಏಕೆ ಬೇಕಾಯಿತು? ನಮ್ಮ ‘ಕಳೆ’ಗೆ ನಷ್ಟದ ಕಹಿ ಅಂಟಿಕೊಂಡಿದೆ. ಲೆಕ್ಕದಲ್ಲಿ ಕೂಡುವುದಕ್ಕೆ ಎದುರು ಕಳೆಯುವುದು, ಪರ್ಸು ಹೋದರೆ ಕಳೆದುಕೊಳ್ಳುವುದು. ಮಗನೊಂದಿಗೆ ಆಡಿದ ಸಂಜೆಯನ್ನು ‘ಕಳೆದೆ’ ಎನ್ನಲು ಮನಸ್ಸು ಹಿಂಜರಿಯುತ್ತದೆ, ನಾಲಿಗೆ ಸ್ಪೆಂಡ್ ಕಡೆಗೆ ಜಾರುತ್ತದೆ.

ಇಂಗ್ಲಿಷಿಗೆ ಕಾಲವೆಂದರೆ ಹಣದಂಥ ವಸ್ತು ಎಂಬ ಅಭ್ಯಾಸ ಹಳೆಯದು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲೇ ಆಯಸ್ಸಿನ ವರ್ಷಗಳಿಗೆ ಸ್ಪೆಂಡ್ ಬಳಕೆಯಾಗಿದೆ. 1748ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಎಳೆಯ ವ್ಯಾಪಾರಿಗೆ ಬುದ್ಧಿ ಹೇಳುವ ಬರಹದಲ್ಲಿ ಕಾಲವೇ ಹಣವೆಂದು ನೇರವಾಗಿ ಸಾರಿದ. 1980ರಲ್ಲಿ ಜಾರ್ಜ್ ಲೇಕಾಫ್, ಮಾರ್ಕ್ ಜಾನ್ಸನ್ ಎಂಬ ಇಬ್ಬರು ವಿದ್ವಾಂಸರು ತಮ್ಮ ಪುಸ್ತಕದಲ್ಲಿ ಸ್ಪೆಂಡ್, ಸೇವ್, ವೇಸ್ಟ್, ಇನ್ವೆಸ್ಟ್ ಎಲ್ಲವೂ ಕಾಲಕ್ಕೆ ಹೇಗೆ ಅಂಟಿಕೊಂಡಿವೆ ಎಂದು ಬಿಡಿಸಿ ತೋರಿಸಿದರು.

ಕನ್ನಡ ಈ ಕೆಲಸವನ್ನು ಬೇರೆ ರೀತಿ ಮಾಡುತ್ತಿತ್ತು. ಹೊತ್ತನ್ನು ಕರ್ಮವಾಗಿಸಿ ಅದಕ್ಕೊಂದು ಕ್ರಿಯಾಪದ ಹುಡುಕುವ ಬದಲು, ಆ ಹೊತ್ತಿನಲ್ಲಿ ಮಾಡುವುದನ್ನೇ ಹೇಳುತ್ತಿತ್ತು. ಅಜ್ಜಿ ಮನೆಯಲ್ಲಿ ನಾಲ್ಕು ದಿನ ಇದ್ದು ಬಾ. ಅಪ್ಪನ ಹತ್ತಿರ ಒಂದಿಷ್ಟು ಹೊತ್ತು ಕೂತು ಮಾತಾಡು. ರಾತ್ರಿ ಅಲ್ಲೇ ತಂಗಿದೆವು. ಮಕ್ಕಳ ಜೊತೆ ಆಡಿದೆ. ‘ಅಪ್ಪನ ಜೊತೆ ಟೈಮ್ ಸ್ಪೆಂಡ್ ಮಾಡಬೇಕು’ ಎಂದಾಗ ಕೂರುವುದು, ಮಾತಾಡುವುದು, ಕಾಲೊತ್ತುವುದು ಎಲ್ಲ ಮಾಯವಾಗಿ ಬರಿಯ ಟೈಮ್ ಉಳಿಯುತ್ತದೆ. ಹೊರಗಿನ ಪದ ಬರಬಾರದೆಂದು ನಾನು ಹೇಳುವವನಲ್ಲ, ಖರ್ಚನ್ನು ಅಪ್ಪಿಕೊಂಡ ಭಾಷೆ ನಮ್ಮದು. ಆದರೆ ಈ ಪದ ಒಳಗೆ ಬಂದು ಐದಾರು ಜೀವಂತ ಕ್ರಿಯಾಪದಗಳನ್ನು ಹೊರಗೆ ಕಳಿಸುತ್ತಿದೆ. ಅದು ನನಗೆ ನೋವಿನ ಸಂಗತಿ.

ಹಣದ ಪದವನ್ನು ಆಯಸ್ಸಿಗೆ ಬಳಸಿದ್ದು ಕನ್ನಡದಲ್ಲೂ ಉಂಟು, ಆ ಪದ ಮುಡಿಪು. ಹರಕೆ ಹೊತ್ತು ದೇವರ ಹೆಸರಲ್ಲಿ ಬಟ್ಟೆಯಲ್ಲಿ ಕಟ್ಟಿಡುವ ಕಾಸಿನ ಗಂಟು ಮುಡಿಪು. ಬದುಕನ್ನೇ ಮುಡಿಪಾಗಿಟ್ಟ ಎನ್ನುವಾಗ ಆ ಗಂಟೇ ಆಯಸ್ಸಾಗುತ್ತದೆ. 1853ರಲ್ಲಿ ನಮ್ಮ ನೆಲಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಇಂಗ್ಲಿಷಿನಲ್ಲಿ ಹೇಳುವುದಾದರೆ ‘ಕಿಟೆಲ್ ಸ್ಪೆಂಟ್ ಡೆಕೇಡ್ಸ್ ಆನ್ ದಿ ಡಿಕ್ಷನರಿ’. ಕನ್ನಡದಲ್ಲಿ, ನಿಘಂಟಿಗಾಗಿ ಬದುಕನ್ನು ಮುಡಿಪಾಗಿಟ್ಟರು. ಕಿಟೆಲರ ತಾಯ್ನುಡಿ ಜರ್ಮನ್ನಿನಲ್ಲಿ ಅದೇ ಲ್ಯಾಟಿನ್ ಮೂಲದ ‘ಸ್ಪೆಂಡೆನ್’ ಎಂಬ ಪದವಿದೆ. ಅದರ ಅರ್ಥ ಖರ್ಚು ಮಾಡುವುದಲ್ಲ, ದಾನ ಮಾಡುವುದು. ರಕ್ತದಾನಕ್ಕೆ ಅಲ್ಲಿ ‘ಬ್ಲೂಟ್‌ಸ್ಪೆಂಡೆ’ ಎನ್ನುತ್ತಾರೆ. ಮುಡಿಪಿಗೆ ಇಂಗ್ಲಿಷ್ ಸ್ಪೆಂಡಿಗಿಂತ ಹತ್ತಿರದ ನೆಂಟ ಅದೇ.

ಇಂಗ್ಲಿಷ್ ಕಲಿಸುವ ಗೆಳೆಯರಲ್ಲಿ ಒಂದು ಬೇಡಿಕೆ. ನಾಳೆ ತರಗತಿಯಲ್ಲಿ ಸ್ಪೆಂಡ್ ಬಂದರೆ ನಿಯಮ ಬರೆಸುವ ಮೊದಲು ಮಕ್ಕಳಿಂದ ನಾಲ್ಕು ಕನ್ನಡ ವಾಕ್ಯ ಹೇಳಿಸಿ: ಎರಡು ಗಂಟೆ ಓದ್ತಾ ಕಳೆದೆ, ಓದೋಕೆ ಎರಡು ಗಂಟೆ ಹಿಡೀತು, ಮನೆ ಮೇಲೆ ದುಡ್ಡು ಸುರಿದೆವು, ಮದುವೆಗೆ ಇಷ್ಟು ಖರ್ಚಾಯ್ತು. ಆ ನಾಲ್ಕರ ಎದುರು ನಾಲ್ಕು ಇಂಗ್ಲಿಷ್ ವಾಕ್ಯ ಬರೆಯಿರಿ. ಅಂದು ಆ ಹುಡುಗಿಗೆ ಇದನ್ನು ತೋರಿಸಲು ನನಗೆ ಬೇಕಾದದ್ದು ಐದೇ ನಿಮಿಷ.